ಕಾಲ್ ಫಾರ್ವರ್ಡ್ ಹಾಕುವ ಮುನ್ನ: ಕಾಲ್ ವೇಟಿಂಗ್, ಮಿಸ್ಡ್ ಕಾಲ್ ಅಲರ್ಟ್, ಡ್ಯುಯಲ್ ಸಿಮ್, ಇಪಿಎಬಿಎಕ್ಸ್ ಜೊತೆ ಹೊಂದಿಸುವ ಬಗೆ

ಬಂದ ಕರೆ ಇನ್ನೊಂದು ನಂಬರಿಗೆ ಹೋಗಲಿ ಎಂದು ಫಾರ್ವರ್ಡ್ ಹಾಕಿದೆ, ಆದರೆ ಕರೆ ಹೋಗುತ್ತಿಲ್ಲ ಎಂಬ ದೂರು ಬಂದಾಗ ತಪ್ಪು ಫಾರ್ವರ್ಡಿನದೇ ಆಗಿರುವುದು ಅಪರೂಪ. ಅದೇ ನಂಬರಿನಲ್ಲಿ ಮೊದಲೇ ಇದ್ದ ಇನ್ನೊಂದು ಸೌಲಭ್ಯ ಕರೆಯನ್ನು ಮುಂಚೆ ಹಿಡಿದಿರುತ್ತದೆ, ಇಲ್ಲವೇ ಹೊಸದಾಗಿ ಹಾಕಿದ್ದು ಹಳೆಯದನ್ನು ಸದ್ದಿಲ್ಲದೆ ಅಳಿಸಿರುತ್ತದೆ. ಹಾಗಾಗಿ ಕೋಡ್ ಒತ್ತುವುದಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ಕರೆ ಬಂದಾಗ ನೆಟ್‌ವರ್ಕ್ ಯಾವುದನ್ನು ಯಾವ ಕ್ರಮದಲ್ಲಿ ನೋಡುತ್ತದೆ ಎಂಬುದನ್ನು.

ನಾಲ್ಕು ಸ್ಥಿತಿ, ಒಂದೊಂದಕ್ಕೆ ಒಂದೇ ನಂಬರ್

ಮೊಬೈಲ್ ನೆಟ್‌ವರ್ಕಿನಲ್ಲಿ ಫಾರ್ವರ್ಡ್ ನಾಲ್ಕು ಬಗೆ. 21 ಎಂದರೆ ಎಲ್ಲ ಕರೆಗಳೂ ನೇರವಾಗಿ ಹೋಗುವುದು. ನಿಮ್ಮ ಫೋನ್ ರಿಂಗೇ ಆಗುವುದಿಲ್ಲ. 67 ಎಂದರೆ ನೀವು ಎಂಗೇಜ್ ಇದ್ದಾಗ. 61 ಎಂದರೆ ರಿಂಗ್ ಆಗಿಯೂ ಎತ್ತದಿದ್ದಾಗ. 62 ಎಂದರೆ ಫೋನ್ ಆಫ್ ಆಗಿದ್ದಾಗ ಅಥವಾ ಸಿಗ್ನಲ್ ಇಲ್ಲದಿದ್ದಾಗ, ಅಂದರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಘೋಷಣೆ ಬರಬೇಕಾದ ಸಂದರ್ಭದಲ್ಲಿ.

ನೆಟ್‌ವರ್ಕ್ ಮೊದಲು 21ನ್ನು ನೋಡುತ್ತದೆ. ಅದು ಚಾಲೂ ಇದ್ದರೆ ಉಳಿದ ಮೂರೂ ಸುಮ್ಮನೆ ಬಿದ್ದಿರುತ್ತವೆ. ಅಳಿದುಹೋಗುವುದಿಲ್ಲ, 21 ತೆಗೆದ ಕೂಡಲೇ ಮತ್ತೆ ಎದ್ದು ಕೂರುತ್ತವೆ. ಒಂದು ಸ್ಥಿತಿಗೆ ಒಂದು ನಂಬರ್ ಮಾತ್ರ ಇಡಬಹುದು. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧದಷ್ಟು ಈ ಕೊನೆಯ ಮಾತಿನಿಂದಲೇ ಹುಟ್ಟುತ್ತವೆ.

ಹೆಜ್ಜೆ 1: ಈಗ ಏನಿದೆ ಎಂದು ಬರೆದಿಟ್ಟುಕೊಳ್ಳಿ

*#21#, *#67#, *#61#, *#62# ಒಂದೊಂದಾಗಿ ಡಯಲ್ ಮಾಡಿ, ಬಂದ ಉತ್ತರವನ್ನು ಕಾಗದದಲ್ಲಿ ಬರೆದುಕೊಳ್ಳಿ. ಕೊನೆಗೆ *#43# ಒತ್ತಿ ಕಾಲ್ ವೇಟಿಂಗ್ ಇದೆಯೇ ನೋಡಿ.

62ರಲ್ಲೋ 61ರಲ್ಲೋ ಗೊತ್ತಿಲ್ಲದ ನಂಬರ್ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದು ನಿಮ್ಮ ಕಂಪನಿಯ ಮಿಸ್ಡ್ ಕಾಲ್ ಅಲರ್ಟ್ ಅಥವಾ ವಾಯ್ಸ್‌ಮೇಲ್ ಸೇವೆಯ ನಂಬರ್. ಕಸ್ಟಮರ್ ಕೇರ್‌ನಲ್ಲಿ ಕೇಳಿದರೆ ಅದು ಅವರದೇ ಹೌದೋ ಅಲ್ಲವೋ ಹೇಳುತ್ತಾರೆ. *#21# ಒತ್ತಿದರೆ ಫೋನ್ ಟ್ಯಾಪ್ ಆಗಿದೆಯೇ ಎಂದು ತಿಳಿಯುತ್ತದೆ ಎಂಬ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಆ ಕೋಡ್ ಹೇಳುವುದು ಫಾರ್ವರ್ಡ್ ಇದೆಯೋ ಇಲ್ಲವೋ ಎಂಬುದಷ್ಟನ್ನೇ. ಆದರೆ 21ರಲ್ಲಿ ನೀವು ಹಾಕದ ಹತ್ತಂಕಿಯ ಮೊಬೈಲ್ ನಂಬರ್ ಕಂಡರೆ ಅದು ಬೇರೆ ವಿಷಯ. ಅದಕ್ಕೆ ಕೆಳಗೆ ಬರುತ್ತೇವೆ.

ಕೋಡ್ ಒತ್ತಿದರೆ "ಕನೆಕ್ಷನ್ ಪ್ರಾಬ್ಲಮ್ ಆರ್ ಇನ್‌ವ್ಯಾಲಿಡ್ ಎಂಎಂಐ ಕೋಡ್" ಎಂದು ಬರುವುದುಂಟು. ವೋಎಲ್‌ಟಿಇ (4ಜಿ ನೆಟ್‌ವರ್ಕಿನ ಮೇಲೆಯೇ ಧ್ವನಿ ಕರೆ ಸಾಗಿಸುವ ವ್ಯವಸ್ಥೆ) ಇರುವ ಕಡೆ ಈ ಸೆಟ್ಟಿಂಗ್ ಬಹಳಷ್ಟು ಸಲ ಮೊಬೈಲ್ ಡೇಟಾದ ಮೂಲಕವೇ ನೆಟ್‌ವರ್ಕಿಗೆ ಹೋಗುತ್ತದೆ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ, ಎರಡು ಸಿಮ್ ಇದ್ದರೆ ಸಂಬಂಧಪಟ್ಟ ಸಿಮ್ಮನ್ನೇ ಡೇಟಾ ಸಿಮ್ ಆಗಿ ಆರಿಸಿ ಮತ್ತೆ ಪ್ರಯತ್ನಿಸಿ. ಆಗಲೂ ಬಾರದಿದ್ದರೆ ಕಾರಣ ಕಂಪನಿಯ ಕಡೆಯದಿರಬಹುದು: ವಂಚನೆಗಳು ಹೆಚ್ಚಿದ್ದರಿಂದ ದೂರಸಂಪರ್ಕ ಇಲಾಖೆ 2024ರ ಮಾರ್ಚ್ 28ರಂದು ಆದೇಶ ಹೊರಡಿಸಿ, ಯುಎಸ್‌ಎಸ್‌ಡಿ (* ಮತ್ತು # ಇರುವ) ಕೋಡ್ ಮೂಲಕ ಫಾರ್ವರ್ಡ್ ಹಾಕುವ ಸೌಲಭ್ಯವನ್ನು ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತ್ತು. ಹಾಗಾದಾಗ ಉಳಿಯುವ ದಾರಿ ಮೂರು: ಫೋನಿನ ಸೆಟ್ಟಿಂಗ್ಸ್, ಕಂಪನಿಯ ಆ್ಯಪ್, ಕಸ್ಟಮರ್ ಕೇರ್.

ಆಂಡ್ರಾಯ್ಡ್‌ನಲ್ಲಿ ಫೋನ್ ಆ್ಯಪ್ ತೆರೆದು, ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನೊಳಗೆ ಕಾಲಿಂಗ್ ಅಕೌಂಟ್ಸ್ ಅಥವಾ ಸಪ್ಲಿಮೆಂಟರಿ ಸರ್ವೀಸಸ್ ಎಂಬಲ್ಲಿ ನಾಲ್ಕೂ ಸ್ಥಿತಿಗಳು ಸಿಗುತ್ತವೆ. ಐಫೋನಿನ ಕಾಲ್ ಫಾರ್ವರ್ಡಿಂಗ್ ಸ್ವಿಚ್ ಬರೀ 21ಕ್ಕೆ; ಉಳಿದ ಮೂರಕ್ಕೆ ಅಲ್ಲಿ ಕೋಡೇ ಗತಿ. ಜಿಯೋ ಮೊದಲಿನಿಂದ ಬೇರೆ ಕೋಡ್‌ಗಳನ್ನು ಇಟ್ಟುಕೊಂಡಿದೆ: ಎಲ್ಲ ಕರೆಗೆ *401 ಜೊತೆಗೆ ಹತ್ತಂಕಿಯ ನಂಬರ್, ತೆಗೆಯಲು *402.

ಹೆಜ್ಜೆ 2: ಯಾವ ಸ್ಥಿತಿ ನಿಮಗೆ ಬೇಕು ಎಂದು ಆರಿಸಿ

ಬಹಳ ಜನ 21 ಹಾಕಿಬಿಡುತ್ತಾರೆ, ಯಾಕೆಂದರೆ ಅದು ಸುಲಭ. ಅಂಗಡಿ, ಕ್ಲಿನಿಕ್, ಸಣ್ಣ ಆಫೀಸಿಗೆ ಅದು ಬೇಕಾಗುವುದು ಕಡಿಮೆ. ನೀವು ಎತ್ತಲಾಗದಿದ್ದಾಗ ಮಾತ್ರ ಇನ್ನೊಬ್ಬರಿಗೆ ಹೋಗಲಿ ಎಂಬುದು ನಿಮ್ಮ ಇಚ್ಛೆಯಾದರೆ 61, 62, 67 ಮೂರೂ ಬೇಕು. ಒಂದೇ ಏಟಿಗೆ ಹಾಕಲು **004*ನಂಬರ್#. ಬಿಡಿಬಿಡಿಯಾಗಿ ಹಾಕಲು:

**67*ನಂಬರ್#
**62*ನಂಬರ್#
**61*ನಂಬರ್*11*20#

ಕೊನೆಯದರಲ್ಲಿ 11 ಎಂದರೆ ಧ್ವನಿ ಕರೆ, 20 ಎಂದರೆ ಎಷ್ಟು ಸೆಕೆಂಡ್ ರಿಂಗ್ ಆಗಬೇಕು ಎಂಬುದು. 5ರಿಂದ 30ರವರೆಗೆ, ಐದೈದರ ಲೆಕ್ಕದಲ್ಲಿ ಮಾತ್ರ ಕೊಡಬಹುದು. 12, 18 ಎಂದರೆ ನಡೆಯದು. ನಂಬರನ್ನು +91 ಸೇರಿಸಿಯೇ ಬರೆಯುವುದು ಒಳ್ಳೆಯದು. ಲ್ಯಾಂಡ್‌ಲೈನಿಗೆ ಕಳುಹಿಸುವುದಾದರೆ ಎಸ್‌ಟಿಡಿ ಕೋಡಿನ ಮುಂದಿನ ಸೊನ್ನೆ ಬಿಟ್ಟು +91 80 ಎಂದು ಶುರುಮಾಡಿ.

ಸಮಯ ಎಷ್ಟಿಡಬೇಕು? ನಮ್ಮ ದೇಶದ ರಿಂಗ್ ಸದ್ದಿನ ಒಂದು ಸುತ್ತು 3 ಸೆಕೆಂಡಿನದು. 15 ಎಂದರೆ ಐದು ಸುತ್ತು. ಮೇಜಿನ ಮೇಲೆ ಫೋನ್ ಇದ್ದರೆ ಸಾಕು. ಗೋಡೌನು, ಅಡುಗೆಮನೆ ಎಂದು ಓಡಾಡುವವರಿಗೆ 20 ಅಥವಾ 25. 30 ಮಾತ್ರ ಬೇಡ. ಎತ್ತದ ಕರೆ ಮೊಬೈಲಿನಲ್ಲಿ 30 ಸೆಕೆಂಡ್, ಲ್ಯಾಂಡ್‌ಲೈನಿನಲ್ಲಿ 60 ಸೆಕೆಂಡ್ ರಿಂಗ್ ಆಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರ ನವೆಂಬರಿನಲ್ಲಿ ಗೊತ್ತುಮಾಡಿತು. ನಿಮ್ಮ ಫಾರ್ವರ್ಡ್ ಸಮಯವೂ ಅಷ್ಟೇ ಇದ್ದರೆ ಕರೆ ತಿರುಗುವುದಕ್ಕೂ ಕಡಿದುಹೋಗುವುದಕ್ಕೂ ಪೈಪೋಟಿ ಬೀಳುತ್ತದೆ. ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ ಎಂಬ ದೂರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

**, *, ##, # ಇವುಗಳ ಅರ್ಥ ಗಮನಿಸಿ.  ** ನಂಬರನ್ನು ಬರೆದು ಚಾಲೂ ಮಾಡುತ್ತದೆ. # ಒಂದೇ ಆದರೆ ನಿಲ್ಲಿಸುತ್ತದೆ, ನಂಬರ್ ಉಳಿಯುತ್ತದೆ. ಆಮೇಲೆ *67# ಎಂದಷ್ಟೇ ಒತ್ತಿದರೆ ಹಳೆಯ ನಂಬರಿಗೇ ಚಾಲೂ ಆಗುತ್ತದೆ. ## ಅಳಿಸಿಹಾಕುತ್ತದೆ. ##002# ಎಲ್ಲವನ್ನೂ ಅಳಿಸುತ್ತದೆ.

ಕಾಲ್ ವೇಟಿಂಗ್ ಮತ್ತು 67

ಈ ಎರಡರ ಜಗಳ ಹಳೆಯದು. ಒಬ್ಬ ಗಿರಾಕಿ ಮಾತಾಡುತ್ತಿರುವಾಗ ಎರಡನೆಯವರ ಕರೆ ಬಂದರೆ ಕಾಲ್ ವೇಟಿಂಗ್ ಹೇಳುತ್ತದೆ: ಬೀಪ್ ಕೊಡು, ಕಾಯಲಿ. 67 ಹೇಳುತ್ತದೆ: ಎಂಗೇಜ್ ಇದೆ, ಆ ಕಡೆ ಕಳುಹಿಸು. ಗೆಲ್ಲುವುದು ಕಾಲ್ ವೇಟಿಂಗ್. ಅದು ಆನ್ ಇರುವವರೆಗೆ ನೀವು ಮಾತಿನಲ್ಲಿದ್ದೀರಿ ಎಂಬ ಕಾರಣಕ್ಕೇ ನೆಟ್‌ವರ್ಕ್ ನಿಮ್ಮನ್ನು "ಎಂಗೇಜ್" ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಯುತ್ತಿರುವ ಕರೆಯನ್ನು ನೀವು ಕೆಂಪು ಬಟನ್ ಒತ್ತಿ ತಳ್ಳಿದರೆ ಆಗ 67 ಕೆಲಸ ಮಾಡುತ್ತದೆ. ಏನೂ ಮಾಡದೆ ಬಿಟ್ಟರೆ ಸಮಯ ಮುಗಿದ ಮೇಲೆ 61ಕ್ಕೆ ಬೀಳುತ್ತದೆ. ಹಾಗಾಗಿ 67ಕ್ಕೂ 61ಕ್ಕೂ ಬೇರೆ ಬೇರೆ ನಂಬರ್ ಕೊಟ್ಟಿದ್ದರೆ ಕರೆ ಎಲ್ಲಿ ಹೋಗುತ್ತದೆ ಎಂಬುದು ನಿಮ್ಮ ಬೆರಳಿನ ಮೇಲೆ ನಿಂತಿರುತ್ತದೆ.

ಎರಡನೇ ಗಿರಾಕಿ ತಕ್ಷಣ ಇನ್ನೊಬ್ಬರಿಗೆ ಹೋಗಬೇಕು ಎಂದಿದ್ದರೆ #43# ಒತ್ತಿ ಕಾಲ್ ವೇಟಿಂಗ್ ತೆಗೆಯಿರಿ. ವೋಎಲ್‌ಟಿಇಯಲ್ಲಿ ಇಲ್ಲೊಂದು ತೊಡಕಿದೆ: ಕೆಲವು ಕಡೆ ಕಾಲ್ ವೇಟಿಂಗ್ ಅನ್ನು ನೆಟ್‌ವರ್ಕ್ ನೋಡಿಕೊಳ್ಳುತ್ತದೆ, ಕೆಲವು ಕಡೆ ಹ್ಯಾಂಡ್‌ಸೆಟ್ಟೇ ನೋಡಿಕೊಳ್ಳುತ್ತದೆ. ಕೋಡ್ "ಆಫ್" ಎಂದರೂ ಬೀಪ್ ಬರುತ್ತಿದ್ದರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿನ ಸ್ವಿಚ್ಚನ್ನೂ ಆಫ್ ಮಾಡಿ. 21 ಚಾಲೂ ಇದ್ದರೆ ಈ ಪಂಚಾಯಿತಿಯೇ ಇಲ್ಲ. ಕರೆ ಫೋನಿನ ತನಕ ಬಂದರೆ ತಾನೆ ಕಾಯುವುದು.

ಬ್ಲಾಕ್ ಮಾಡಿದವರು ಬೇರೆ ಬಾಗಿಲಿನಿಂದ

ಬ್ಲಾಕ್ ಲಿಸ್ಟ್ ಇರುವುದು ನಿಮ್ಮ ಫೋನಿನಲ್ಲಿ, ಫಾರ್ವರ್ಡ್ ಇರುವುದು ನೆಟ್‌ವರ್ಕಿನಲ್ಲಿ. ಬ್ಲಾಕ್ ಆದವರ ಕರೆ ಬಂದಾಗ ಫೋನ್ ಅದನ್ನು ತಿರಸ್ಕರಿಸುತ್ತದೆ, ನೆಟ್‌ವರ್ಕಿಗೆ ಅದು ಎಂಗೇಜ್ ಎಂದು ಕಾಣಬಹುದು, ಕರೆ 67ರ ನಂಬರಿಗೆ ಹೋಗುತ್ತದೆ. ನೀವು ಬ್ಲಾಕ್ ಮಾಡಿದ ಸಾಲದ ಏಜೆಂಟ್ ನಿಮ್ಮ ಮನೆಯವರಿಗೋ ಅಂಗಡಿಯ ಹುಡುಗನಿಗೋ ರಿಂಗ್ ಆಗುವುದು ಹೀಗೆ. 21 ಹಾಕಿದ್ದರೆ ನಿಮ್ಮ ಬ್ಲಾಕ್ ಲಿಸ್ಟಿಗೆ ಕೆಲಸವೇ ಇಲ್ಲ. ಪರಿಹಾರ ಒಂದೇ: ಕರೆ ತಲುಪುವ ಫೋನಿನಲ್ಲೂ ಅದೇ ನಂಬರುಗಳನ್ನು ಬ್ಲಾಕ್ ಮಾಡಬೇಕು. ಡು ನಾಟ್ ಡಿಸ್ಟರ್ಬ್ ಮೋಡಿನಲ್ಲಿ ಸಾಮಾನ್ಯವಾಗಿ ಕರೆ ತಿರಸ್ಕಾರವಾಗದೆ ಸದ್ದಿಲ್ಲದೆ ರಿಂಗ್ ಆಗುತ್ತಿರುತ್ತದೆ, ಆಮೇಲೆ 61ಕ್ಕೆ ಹೋಗುತ್ತದೆ.

ಮಿಸ್ಡ್ ಕಾಲ್ ಅಲರ್ಟ್ ನಿಂತುಹೋಯಿತೇ?

ಫೋನ್ ಆಫ್ ಇದ್ದಾಗ ಯಾರು ಕರೆದರು ಎಂದು ಆಮೇಲೆ ಬರುವ ಎಸ್‌ಎಂಎಸ್ ಕೂಡ ಫಾರ್ವರ್ಡಿನ ಕೆಲಸವೇ. ಕಂಪನಿ ನಿಮ್ಮ 62ರ ಜಾಗದಲ್ಲಿ ತನ್ನ ನಂಬರ್ ಇಟ್ಟಿರುತ್ತದೆ. ಆ ಕರೆ ಅಲ್ಲಿಗೆ ಹೋಗಿ, ಅಲ್ಲಿಂದ ಎಸ್‌ಎಂಎಸ್ ಹೊರಡುತ್ತದೆ. ನೀವು 62ಕ್ಕೆ ಮಗನ ನಂಬರ್ ಹಾಕಿದ ಕ್ಷಣ ಅಲರ್ಟ್ ಸತ್ತಂತೆಯೇ. 004 ಮತ್ತು ##002# ಒತ್ತಿದಾಗಲೂ ಇದೇ ಆಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಉಪಾಯವಿದೆ: 61 ಮತ್ತು 67ನ್ನು ಮಾತ್ರ ನಿಮಗೆ ಬೇಕಾದವರಿಗೆ ಕೊಡಿ, 62ನ್ನು ಮುಟ್ಟಬೇಡಿ. ಅಳಿಸಿಯಾಗಿದ್ದರೆ ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ನಂಬರನ್ನು **62* ಮೂಲಕ ವಾಪಸ್ ಹಾಕಬಹುದು, ಇಲ್ಲವೇ ಸೇವೆಯನ್ನೇ ಮತ್ತೆ ಚಾಲೂ ಮಾಡಿಸಬೇಕು.

ಎರಡು ಸಿಮ್, ವೈಫೈ ಕಾಲಿಂಗ್

ಸಾಮಾನ್ಯ ಡ್ಯುಯಲ್ ಸಿಮ್ ಫೋನಿನಲ್ಲಿ ಒಂದು ಸಿಮ್ಮಿನಲ್ಲಿ ಮಾತಾಡುತ್ತಿರುವಾಗ ಇನ್ನೊಂದು ಸಿಮ್ ನೆಟ್‌ವರ್ಕಿನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಬಂದ ಕರೆಗೆ ಎಂಗೇಜ್ ಅಲ್ಲ, ನಾಟ್ ರೀಚಬಲ್ ಎಂಬ ಉತ್ತರ. ಎರಡನೇ ಸಿಮ್ಮಿಗೆ 67 ಹಾಕಿ ಕಾಯುತ್ತಾ ಕೂತರೆ ಕರೆ ಎಂದೂ ತಿರುಗದು, ಬೇಕಾದದ್ದು 62. ಹೊಸ ಕೆಲವು ಫೋನುಗಳು ಒಂದು ಸಿಮ್ಮಿನ ಕರೆಯ ನಡುವೆ ಇನ್ನೊಂದನ್ನು ಡೇಟಾದ ಮೂಲಕ ಜೀವಂತ ಇಡುತ್ತವೆ. ಅಂಥವುಗಳಲ್ಲಿ ಅದೇ ಕರೆ ವೇಟಿಂಗ್ ಆಗಿ ಬರುತ್ತದೆ, ಅಥವಾ 67ಕ್ಕೆ ಹೋಗುತ್ತದೆ. ಫೋನ್ ಬದಲಿಸಿದ ಮೇಲೆ ಫಾರ್ವರ್ಡ್ ಕೆಟ್ಟಿತು ಎನ್ನುವವರು ಇದನ್ನು ನೋಡಿ. ಯಾವ ಫೋನಾದರೂ ಸರಿ, 62 ಮತ್ತು 67 ಎರಡಕ್ಕೂ ಒಂದೇ ನಂಬರ್ ಕೊಟ್ಟರೆ ತಲೆಬಿಸಿ ಇಲ್ಲ.

ಮಲೆನಾಡಿನ ಕಡೆ ಟವರ್ ಸಿಗದ ಮನೆಗಳಲ್ಲಿ ವೈಫೈ ಕಾಲಿಂಗ್ ಆಸರೆ. ಅದು ಆನ್ ಇದ್ದರೆ ಸಿಗ್ನಲ್ ಕಡ್ಡಿ ಒಂದೂ ಇಲ್ಲದಿದ್ದರೂ ನೀವು ರೀಚಬಲ್. 62 ಕೆಲಸ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕರೆಂಟ್ ಹೋಗಿ ರೂಟರ್ ಆಫ್ ಆದಾಗ ತೊಂದರೆ. ಫೋನ್ ವೈಫೈಯಲ್ಲೇ ಇದೆ ಎಂದು ನೆಟ್‌ವರ್ಕ್ ಸ್ವಲ್ಪ ಹೊತ್ತು ನಂಬಿರುತ್ತದೆ. ಆ ಹೊತ್ತಿನಲ್ಲಿ ಬಂದ ಕರೆಗೆ ರಿಂಗೂ ಇಲ್ಲದ, ಘೋಷಣೆಯೂ ಇಲ್ಲದ ಮೌನ ಕೇಳಿಸಿ, ತಡವಾಗಿ ತಿರುಗುತ್ತದೆ. ರೂಟರಿಗೆ ಸಣ್ಣದೊಂದು ಯುಪಿಎಸ್ ಹಾಕುವುದೇ ಇದಕ್ಕೆ ಮದ್ದು.

ಇಬ್ಬರು ಪರಸ್ಪರ ಫಾರ್ವರ್ಡ್ ಮಾಡಿಕೊಂಡರೆ

ಅಣ್ಣನ ಫೋನ್ ಎತ್ತದಿದ್ದರೆ ತಮ್ಮನಿಗೆ, ತಮ್ಮ ಎತ್ತದಿದ್ದರೆ ಅಣ್ಣನಿಗೆ. ಕೇಳಲು ಚೆನ್ನಾಗಿದೆ. ಇಬ್ಬರೂ ಎತ್ತದಿದ್ದಾಗ ಕರೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸುತ್ತುತ್ತದೆ. ಒಂದು ಕರೆ ಎಷ್ಟು ಸಲ ತಿರುಗಬಹುದು ಎಂಬುದಕ್ಕೆ ನೆಟ್‌ವರ್ಕಿನಲ್ಲಿ ಎಣಿಕೆ ಇದೆ. ಹೆಚ್ಚೆಂದರೆ 5 ಸಲ, ಕಂಪನಿ ಅದಕ್ಕಿಂತ ಕಡಿಮೆಯನ್ನೂ ಇಡಬಹುದು. ಎಣಿಕೆ ಮುಗಿದೊಡನೆ ಕರೆ ಕಡಿದುಹೋಗುತ್ತದೆ. ಅಷ್ಟರಲ್ಲಿ ಗಿರಾಕಿ ಬೇಸತ್ತು ಇಟ್ಟಿರುತ್ತಾನೆ. ಸರಪಳಿ ಒಂದೇ ದಿಕ್ಕಿಗಿರಲಿ. ಕೊನೆಯ ಫೋನಿನಲ್ಲಿ ಯಾವ ಫಾರ್ವರ್ಡೂ ಇರಬಾರದು.

ಕಾಲ್ ಬ್ಯಾರಿಂಗ್, ರಿಚಾರ್ಜ್, ರೋಮಿಂಗ್

ತಿರುಗಿದ ಕರೆಯ ಎರಡನೇ ಭಾಗ ನಿಮ್ಮ ಹೆಸರಿನಲ್ಲಿ ಹೊರಹೋಗುವ ಕರೆ. ಹೊರಕರೆ ಬಂದ್ ಮಾಡಿದ್ದರೆ (ಬ್ಯಾರಿಂಗ್ ಕೋಡ್ 33) ಫಾರ್ವರ್ಡ್ ಹಾಕಲು ನೆಟ್‌ವರ್ಕ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ಯಾಕ್ ಮುಗಿದು ಹೊರಕರೆ ನಿಂತಿದ್ದರೂ ಫಾರ್ವರ್ಡ್ ನಿಲ್ಲುತ್ತದೆ. ಒಳಕರೆ ಇನ್ನೂ ಬರುತ್ತಿರುವುದರಿಂದ ಕಾರಣ ಹೊಳೆಯುವುದೇ ಇಲ್ಲ. ಅಂಗಡಿಯ ಬೋರ್ಡಿನಲ್ಲಿರುವ ಹಳೇ ನಂಬರನ್ನು ಕಡಿಮೆ ರಿಚಾರ್ಜಿನಲ್ಲಿ ಉಳಿಸಿಕೊಂಡು ಹೊಸದಕ್ಕೆ ಫಾರ್ವರ್ಡ್ ಮಾಡುವವರು ಹಳೆಯದಕ್ಕೂ ಹೊರಕರೆ ಇರುವ ಪ್ಯಾಕನ್ನೇ ಹಾಕಬೇಕು.

ವಿದೇಶಕ್ಕೆ ಹೋಗುವಾಗ ಇನ್ನೂ ಎಚ್ಚರ ಬೇಕು. ದುಬೈಯಲ್ಲಿ ನಿಮ್ಮ ಫೋನ್ ಆನ್ ಇದೆ, 61ಕ್ಕೆ ಮಂಗಳೂರಿನ ನಂಬರ್ ಇದೆ ಎಂದುಕೊಳ್ಳಿ. ಮಂಗಳೂರಿನಿಂದ ಹೊರಟ ಕರೆ ದುಬೈಗೆ ಹೋಗಿ, ರಿಂಗ್ ಆಗಿ, ಅಲ್ಲಿಂದ ಮತ್ತೆ ಮಂಗಳೂರಿಗೆ ತಿರುಗುತ್ತದೆ. ಒಳಬರುವ ರೋಮಿಂಗ್ ಒಂದು, ಹೊರಹೋಗುವ ಅಂತರರಾಷ್ಟ್ರೀಯ ಕರೆ ಇನ್ನೊಂದು, ಎರಡೂ ನಿಮ್ಮ ಬಿಲ್ಲಿಗೆ ಬರಬಹುದು. 21 ಹಾಗಲ್ಲ, ಅದನ್ನು ತವರಿನ ನೆಟ್‌ವರ್ಕೇ ತೀರ್ಮಾನಿಸುವುದರಿಂದ ಕರೆ ದೇಶ ದಾಟುವುದೇ ಇಲ್ಲ. ವಿಮಾನ ಹತ್ತುವ ಮುನ್ನ ##004# ಒತ್ತಿ ಷರತ್ತಿನ ಫಾರ್ವರ್ಡುಗಳನ್ನು (61, 62, 67) ತೆಗೆದು, ಬೇಕಿದ್ದರೆ 21 ಮಾತ್ರ ಹಾಕಿಕೊಳ್ಳಿ.

ಆಫೀಸಿನ ಇಪಿಎಬಿಎಕ್ಸ್

ಇಪಿಎಬಿಎಕ್ಸ್ ಎಂದರೆ ಕೆಲವೇ ಹೊರಲೈನುಗಳನ್ನು ಆಫೀಸಿನ ಮೇಜುಮೇಜಿನ ಫೋನುಗಳಿಗೆ (ಎಕ್ಸ್‌ಟೆನ್ಷನ್‌ಗಳಿಗೆ) ಹಂಚುವ ಯಂತ್ರ. ಎಕ್ಸ್‌ಟೆನ್ಷನ್‌ನಿಂದ ಹೊರಗಿನ ಮೊಬೈಲಿಗೆ ಫಾರ್ವರ್ಡ್ ಹಾಕಿದಾಗ ಮೊದಲ ತಪ್ಪು ನಂಬರಿನದೇ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಬೇಕು. ಹೊರಲೈನ್ ಹಿಡಿಯಲು ನಿಮ್ಮ ಯಂತ್ರಕ್ಕೆ ಇನ್ನೊಂದು ಸೊನ್ನೆ ಬೇಕಿದ್ದರೆ ಒಟ್ಟು ಎರಡು ಸೊನ್ನೆ, ಆಮೇಲೆ ಹತ್ತಂಕಿ. ಅದಕ್ಕೂ ಮೊದಲು ಪ್ರೋಗ್ರಾಂ ಮಾಡಿಟ್ಟ ಹಳೆಯ ಫಾರ್ವರ್ಡುಗಳು ಒಂದೇ ಸೊನ್ನೆಯಲ್ಲಿ ಉಳಿದಿದ್ದರೆ ಅವೆಲ್ಲ ತಿದ್ದಬೇಕು.

ಎರಡನೆಯದು ಲೈನಿನ ಲೆಕ್ಕ. ಒಳಬಂದ ಕರೆಗೆ ಒಂದು ಲೈನ್, ಹೊರಹೋಗಲು ಇನ್ನೊಂದು. ಎರಡೇ ಲೈನಿನ ಆಫೀಸಿನಲ್ಲಿ ಒಂದು ಫಾರ್ವರ್ಡ್ ಕರೆ ನಡೆಯುತ್ತಿದ್ದರೆ ಆಫೀಸೇ ಎಂಗೇಜ್. ಅನಲಾಗ್ (ಹಳೆಯ ಮಾದರಿಯ ತಂತಿ) ಲೈನಿನಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ: ಎರಡೂ ಕಡೆಯವರು ಇಟ್ಟ ಮೇಲೂ ಯಂತ್ರಕ್ಕೆ ಅದು ಗೊತ್ತಾಗದೆ ಲೈನುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಎಂಗೇಜ್ ಟೋನ್ ಗುರುತಿಸುವ ಸೆಟ್ಟಿಂಗ್ ಆನ್ ಮಾಡಿಸಿ, ಲೈನಿನಿಂದ ಲೈನಿಗೆ ಹೋಗುವ ಕರೆಗೆ 10 ಅಥವಾ 15 ನಿಮಿಷದ ಮಿತಿ ಹಾಕಿಸಿ. ಅನಲಾಗ್ ಲೈನಿನಲ್ಲಿ ಮೊಬೈಲಿನ "ಸ್ವಿಚ್ ಆಫ್ ಆಗಿದೆ" ಎಂಬ ಘೋಷಣೆಯನ್ನೂ ಯಂತ್ರ ಎತ್ತಿದ ಕರೆ ಎಂದೇ ತಿಳಿದು ಗಿರಾಕಿಯನ್ನು ಅದಕ್ಕೆ ಜೋಡಿಸಿಬಿಡುತ್ತದೆ. ಎತ್ತಿದವರು 1 ಒತ್ತಿದರೆ ಮಾತ್ರ ಜೋಡಿಸು ಎಂಬ ಆಯ್ಕೆ ನಿಮ್ಮ ಯಂತ್ರದಲ್ಲಿದ್ದರೆ ಅದನ್ನು ಬಳಸಿ.

ಗಿರಾಕಿಯ ನಂಬರ್ ಮೊಬೈಲಿನಲ್ಲಿ ಕಾಣದೆ ಆಫೀಸಿನ ನಂಬರೇ ಕಾಣುವುದು ದೋಷವಲ್ಲ. ನಿಮ್ಮದಲ್ಲದ ನಂಬರನ್ನು ಕರೆ ಮಾಡಿದವರ ಜಾಗದಲ್ಲಿ ತೋರಿಸಲು ಕಂಪನಿಗಳು ಬಿಡುವುದಿಲ್ಲ. ಅದು ಕಾಣಲೇಬೇಕು ಎಂದಿದ್ದರೆ ಯಂತ್ರದಲ್ಲಿ ಅಲ್ಲ, ಎಕ್ಸ್‌ಚೇಂಜಿನ ಮಟ್ಟದಲ್ಲಿ ಫಾರ್ವರ್ಡ್ ಹಾಕಿಸಿ. ಲೈನುಗಳೂ ಖಾಲಿ ಉಳಿಯುತ್ತವೆ. ಆದರೆ ಅದೇ ಲೈನಿನಲ್ಲಿ ಫ್ಯಾಕ್ಸ್ ಇದ್ದರೆ ಫ್ಯಾಕ್ಸಿನ ಕಿರುಚಾಟವೂ ಮೊಬೈಲಿಗೇ ಬರುತ್ತದೆ. ಹಂಟ್ ಗ್ರೂಪಿನಲ್ಲಿರುವ, ಅಂದರೆ ಒಬ್ಬರು ಎತ್ತದಿದ್ದರೆ ಕರೆ ಮುಂದಿನವರಿಗೆ ಹೋಗುವ ಗುಂಪಿನಲ್ಲಿರುವ ಎಕ್ಸ್‌ಟೆನ್ಷನ್‌ಗಳಿಗೆ ಬಿಡಿ ಫಾರ್ವರ್ಡ್ ಬೇಡವೇ ಬೇಡ. ಒಬ್ಬರದು ಹೊರಗೆ ಹೋದರೆ ಕರೆ ಅಲ್ಲೇ ಸಿಕ್ಕಿಕೊಂಡು ಪಕ್ಕದ ಮೇಜಿಗೆ ಬರುವುದೇ ಇಲ್ಲ.

ಒಟಿಪಿ ಮತ್ತು ವಂಚನೆ

ಫಾರ್ವರ್ಡ್ ಧ್ವನಿ ಕರೆಗೆ ಮಾತ್ರ. ಎಸ್‌ಎಂಎಸ್ ತಿರುಗದು, ವಾಟ್ಸಾಪ್ ಕರೆಯೂ ತಿರುಗದು. ಆದರೆ ಒಟಿಪಿಯನ್ನು ಕರೆ ಮಾಡಿ ಹೇಳುವ ವ್ಯವಸ್ಥೆ ತಿರುಗುತ್ತದೆ. ವಾಟ್ಸಾಪ್ ಖಾತೆ ಕದಿಯುವವರು ಕೊರಿಯರ್‌ನವರಂತೆ, ನೆಟ್‌ವರ್ಕ್ ಕಂಪನಿಯವರಂತೆ ಮಾತಾಡಿ **21* ಅಥವಾ *401ರಿಂದ ಶುರುವಾಗುವ ನಂಬರ್ ಒತ್ತಿಸುವುದು ಇದಕ್ಕೇ. 21ರಲ್ಲಿ ಅಪರಿಚಿತ ನಂಬರ್ ಕಂಡರೆ ##21# (ಜಿಯೋದಲ್ಲಿ *402) ಒತ್ತಿ, ವಾಟ್ಸಾಪ್‌ನಲ್ಲಿ ಎರಡು ಹಂತದ ಪಿನ್ ಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕರೆ ಮಾಡಿದವರ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

ಕೊನೆಯ ಹೆಜ್ಜೆ: ಮೂರನೇ ಫೋನಿನಿಂದ ಪರೀಕ್ಷೆ

ಫಾರ್ವರ್ಡಿಗೆ ಸಂಬಂಧವಿಲ್ಲದ ಮೂರನೇ ಫೋನ್ ಬೇಕು. ಮೊದಲು ಎತ್ತದೆ ಬಿಡಿ, ಗಡಿಯಾರ ನೋಡಿ. ಆಮೇಲೆ ಕೆಂಪು ಬಟನ್ ಒತ್ತಿ ತಳ್ಳಿ. ಆಮೇಲೆ ಯಾರೊಂದಿಗಾದರೂ ಮಾತಾಡುತ್ತಾ ಕರೆ ಬರಿಸಿ. ಎರಡು ಸಿಮ್ ಇದ್ದರೆ ಇನ್ನೊಂದು ಸಿಮ್ಮಿನಲ್ಲಿ ಮಾತಾಡುತ್ತಲೂ ಒಮ್ಮೆ. ಆಮೇಲೆ ಫ್ಲೈಟ್ ಮೋಡ್, ಅದರಲ್ಲಿ ವೈಫೈ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಎರಡೂ ನಂಬರಿಗೆ ಬೇರೆ ಬೇರೆ ಕಾಲರ್ ಟ್ಯೂನ್ ಇದ್ದರೆ ಕೆಲಸ ಹಗುರ: 61ರಲ್ಲಿ ಸಾಮಾನ್ಯವಾಗಿ ಮೊದಲು ನಿಮ್ಮ ಹಾಡು, ತಿರುಗಿದ ಮೇಲೆ ಅವರ ಹಾಡು ಕೇಳುತ್ತದೆ.

ಫೋನ್ ಬದಲಿಸಿದರೆ, ಅದೇ ಕಂಪನಿಯಲ್ಲಿ ಸಿಮ್ ಬದಲಿಸಿದರೆ ಫಾರ್ವರ್ಡ್ ಉಳಿಯುತ್ತದೆ. ಅದು ಬರೆದಿರುವುದು ಕಂಪನಿಯ ದಾಖಲೆಯಲ್ಲಿ, ನಿಮ್ಮ ಸಿಮ್ಮಿನಲ್ಲಿ ಅಲ್ಲ. ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದರೆ ಆ ದಾಖಲೆ ಹಿಂದೆ ಉಳಿಯುತ್ತದೆ. ಪೋರ್ಟ್ ಆದ ದಿನವೇ ಹೊಸ ಕಂಪನಿಯ ಕೋಡ್ ಕೇಳಿಕೊಂಡು ಮೊದಲ ಹೆಜ್ಜೆಯಿಂದ ಮತ್ತೆ ಹಾಕಿ.